ಸಮದುಃಖಿಗಳ ಕೂಟ

ನೆಂಟರು ಬರುವ ಸುದ್ದಿ ತಿಳಿದೊಡನೆ ಹಿರಿಯ ಮಗನನ್ನು ಮಹಡಿಯ ಕೋಣೆಗೆ ಕಳುಹಿಸಿ ಕದವಿಕ್ಕುವ ಮನೆಗಳುಂಟು. ಅಂಥ ಮನೆ ಬೆಂಗಳೂರಿನ ಜಯನಗರದಲ್ಲಿದ್ದೀತು, ಮೈಸೂರಿನ ಸರಸ್ವತೀಪುರದಲ್ಲಿದ್ದೀತು, ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದೀತು. ಒಂದೇ ಮನೆಯಾಗಿದ್ದರೆ ವಿಳಾಸ ಬೇಕಾಗುತ್ತಿತ್ತು. ಹಲವಿರುವುದರಿಂದ ವಾಚಕರು ಒಂದನ್ನು ಕಲ್ಪಿಸಿಕೊಂಡರೆ ಸಾಕು.

ಮಗನಿಗೆ ಇಪ್ಪತ್ತನಾಲ್ಕು ವರ್ಷ. ಎಂಜಿನಿಯರಿಂಗ್ ಮೂರನೆಯ ವರ್ಷದವರೆಗೂ ಚೆನ್ನಾಗಿ ಓದುತ್ತಿದ್ದವನು. ಆಮೇಲೆ ಪುಸ್ತಕ ಮುಚ್ಚಿದ. ರಾತ್ರಿ ನಿದ್ರೆ ಮಾಡದಾದ. ಪಕ್ಕದ ಮನೆಯವರು ಗೋಡೆಯಾಚೆ ಕುಳಿತು ತನ್ನನ್ನೇ ಕುರಿತು ಮಾತನಾಡುತ್ತಿರುವರೆಂದ. ತಾಯಿ ಬಡಿಸಿದ ಅನ್ನವನ್ನು ಮೂಸಿ ನೋಡಿ ತಟ್ಟೆಯನ್ನು ಸರಿಸಿದ. ಗ್ರಹಶಾಂತಿಯಾಯಿತು, ಹರಕೆಗಳಾದುವು, ಒಂದು ವರ್ಷವೂ ಕಳೆಯಿತು. ಕೊನೆಗೆ ಮನೋವೈದ್ಯರಲ್ಲಿಗೆ ಹೋದುದಾಯಿತು. ಅವರು ಕಾಯಿಲೆಗೆ ಒಂದು ಹೆಸರನ್ನು ಹೇಳಿದರು: ಸ್ಕಿಜೋಫ್ರೀನಿಯಾ. ಕನ್ನಡದಲ್ಲಿ ಇಚ್ಚಿತ್ತ ವಿಕಲತೆ ಎಂದು ಬರೆಯುವುದುಂಟು. ಎರಡು ಮನಸ್ಸುಳ್ಳ ಮನುಷ್ಯ ಎಂದು ಇದನ್ನು ತಪ್ಪಾಗಿ ತಿಳಿಯುವವರೇ ಹೆಚ್ಚು. ನಿಜವಾಗಿ ಇದು ಆಲೋಚನೆ, ಭಾವನೆ, ಗ್ರಹಿಕೆಗಳ ನಡುವಣ ಹೊಂದಿಕೆ ಕೆಡುವ ಕಾಯಿಲೆ. ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ಅಂದರೆ ತಂದೆತಾಯಿಗಳು ಇನ್ನು ತಮ್ಮ ಹೊಣೆ ತೀರಿತೆಂದು ನಿಟ್ಟುಸಿರು ಬಿಡುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಜಗತ್ತಿನಲ್ಲಿ ಸುಮಾರು 300 ಮಂದಿಗೆ ಒಬ್ಬರಂತೆ ಈ ಕಾಯಿಲೆಯುಳ್ಳವರಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಎಂದರೆ, ದೊಡ್ಡದೊಂದು ಕಲ್ಯಾಣಮಂಟಪದ ಮದುವೆಯೂಟದಲ್ಲಿ ಒಂದಿಬ್ಬರಾದರೂ ಇರಬೇಕು. ಅವರು ಅಲ್ಲಿರುವುದಿಲ್ಲ. ಮಹಡಿಯ ಕೋಣೆಯಲ್ಲಿರುತ್ತಾರೆ.

"ಏನ್ರೀ, ನಿಮ್ಮ ದೊಡ್ಡೋನು ಕಾಣೋದೇ ಇಲ್ವಲ್ಲ?" ಎಂದು ನೆರೆಯಾಕೆ ಕಾಂಪೌಂಡಿನಾಚೆಯಿಂದ ಕೇಳುತ್ತಾರೆ.

"ಪುಣೆಯಲ್ಲಿ ಕೆಲಸ ಸಿಕ್ಕಿದೆ ಕಣ್ರೀ" ಎನ್ನುತ್ತಾರೆ ತಾಯಿ. ಹಾಗೆನ್ನುವಾಗಲೇ ಮಹಡಿಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ನಡೆದಾಡುವ ಹೆಜ್ಜೆಯ ಸಪ್ಪಳ ಇಬ್ಬರಿಗೂ ಕೇಳಿಸುತ್ತಿರುತ್ತದೆ. ನೆರೆಯಾಕೆ ಒಳ್ಳೆಯವರು, ಮತ್ತೆ ಕೇಳುವುದಿಲ್ಲ. ಆದರೆ ಅಂದಿನಿಂದ ಬರುವುದನ್ನೂ ಕಡಮೆ ಮಾಡುತ್ತಾರೆ.

ಸುಳ್ಳು ಹೇಳಿದ ತಾಯಿಯನ್ನು ದೂರಬೇಕಾದುದಿಲ್ಲ. ಕಿರಿಯ ಮಗಳ ಜಾತಕ ಹೊರಟಿದೆ. ಅಣ್ಣನ ಸಂಗತಿ ಹೊರಬಿದ್ದರೆ ಬಂದ ವರ ಮೆಟ್ಟಿಲಲ್ಲೇ ಹಿಂದಿರುಗುತ್ತಾನೆ. ತಂದೆ ಹಿಂದೆ ರಾಮನವಮಿಯ ಸಂಗೀತಕ್ಕೆ ತಪ್ಪದೆ ಹೋಗುತ್ತಿದ್ದವರು, ಈಗ ಆ ಹತ್ತು ದಿನವೂ ಮನೆಯಲ್ಲೇ ಇದ್ದು ದಿನಪತ್ರಿಕೆಯನ್ನು ಎರಡು ಸಲ ಓದುತ್ತಾರೆ. ಕಾಯಿಲೆ ಒಬ್ಬನಿಗೆ, ಸೆರೆ ನಾಲ್ವರಿಗೆ.

ಇನ್ನು ವೈದ್ಯರೆಂದರೋ, ಅವರ ಮುಂದೆ ಹೊರಗೆ ಅರುವತ್ತು ಮಂದಿ ಕಾದಿರುತ್ತಾರೆ. ಮಾತ್ರೆಯ ಪ್ರಮಾಣ ಹೇಳಿ, ಒಂದು ತಿಂಗಳು ಬಿಟ್ಟು ಬನ್ನಿ ಎನ್ನುವಷ್ಟಕ್ಕೆ ಹತ್ತು ನಿಮಿಷ ಮುಗಿದಿರುತ್ತದೆ. ತಾಯಿಯ ಸೆರಗಿನ ಗಂಟಿನಲ್ಲಿ ನಲವತ್ತು ಪ್ರಶ್ನೆಗಳಿರುತ್ತವೆ. ಬೆಳಿಗ್ಗೆ ಹನ್ನೊಂದಾದರೂ ಏಳದವನನ್ನು ಎಬ್ಬಿಸಬೇಕೇ, ಬಿಡಬೇಕೇ? ಹದಿನೈದು ದಿನ ಸ್ನಾನ ಮಾಡದಿದ್ದರೆ ಏನೆನ್ನಬೇಕು? ಗೋಡೆಯಾಚೆಯ ಮಾತು ಕೇಳಿಸುತ್ತಿದೆಯೆಂದು ಅವನು ಹೇಳಿದಾಗ ಹೌದೆನ್ನಬೇಕೇ, ಅಲ್ಲವೆನ್ನಬೇಕೇ? ಮಾತ್ರೆ ನುಂಗಲೊಲ್ಲದಿದ್ದರೆ ಮೊಸರನ್ನದಲ್ಲಿ ಕಲೆಸಿಬಿಡಬಹುದೇ? ಈಳಿಗೆಮಣೆಯನ್ನು ಎಲ್ಲಿ ಬಚ್ಚಿಡಬೇಕು? ವೈದ್ಯರಿಗೆ ಕಾಯಿಲೆ ಗೊತ್ತು. ಆ ಕಾಯಿಲೆಯೊಡನೆ ಒಂದೇ ಸೂರಿನಡಿ ದಿನದ ಇಪ್ಪತ್ತನಾಲ್ಕು ಗಂಟೆ ಬಾಳುವುದು ಹೇಗೆಂಬುದನ್ನು ಬಲ್ಲವರು ಬೇರೆ. ಹಾಗೆ ಬಾಳಿದವರೇ ಅವರು.

ಅವರನ್ನು ಹುಡುಕಿಕೊಂಡು ಹೋದವರ ಚರಿತ್ರೆ ಸ್ವಾರಸ್ಯವಾದುದು.

1970ನೆಯ ಇಸವಿಯ ಮೇ 9ರಂದು ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬಂದಿತು. ಬರೆದಾತ ಒಬ್ಬ ತಂದೆ, ಹೆಸರು ಹಾಕಿರಲಿಲ್ಲ. ಸ್ಕಿಜೋಫ್ರೀನಿಯಾ ಹಿಡಿದ ಮಗನೊಡನೆ ಕಳೆದ ವರ್ಷಗಳನ್ನೂ, ಆಸ್ಪತ್ರೆಯಿಂದ ಹೊರಬಿದ್ದ ಬಳಿಕ ಅಂಥವನಿಗೆ ಸಮಾಜದಲ್ಲಿ ನಿಲ್ಲಲು ನೆಲೆಯೇ ಇಲ್ಲದುದನ್ನೂ ಕಣ್ಣೀರುಗರೆಯದೆ, ಲೆಕ್ಕಪತ್ರ ಒಪ್ಪಿಸುವವನಂತೆ ಆತ ಬರೆದಿದ್ದ. ಪತ್ರಿಕೆಗೆ ಕಾಗದಗಳ ಮೇಲೆ ಕಾಗದ ಬಂದುವು. ಬರೆದವರೆಲ್ಲ ಹೇಳಿದುದು ಒಂದೇ: ನಮ್ಮ ಮನೆಯಲ್ಲಿಯೂ ಹೀಗೆಯೇ. ಆ ತಂದೆಯ ಹೆಸರು ಜಾನ್ ಪ್ರಿಂಗಲ್ ಎಂಬುದು ಅನಂತರ ತಿಳಿದ ಸಂಗತಿ. ಆ ಕಾಗದಗಳನ್ನು ಬರೆದವರನ್ನು ಒಟ್ಟುಗೂಡಿಸಿಯೇ 1972ರಲ್ಲಿ 'ನ್ಯಾಷನಲ್ ಸ್ಕಿಜೋಫ್ರೀನಿಯಾ ಫೆಲೊಶಿಪ್' ಹುಟ್ಟಿತು. ಈಗ ಅದಕ್ಕೆ 'ರೀಥಿಂಕ್' ಎಂಬ ಹೊಸ ಹೆಸರಿದೆ.

ಅಮೆರಿಕದ ಕಥೆ ಇನ್ನೂ ಸರಳ. ವಿಸ್ಕಾನ್ಸಿನ್ ಪ್ರಾಂತದ ಮ್ಯಾಡಿಸನ್ ನಗರದಲ್ಲಿ 1977ರಲ್ಲಿ ಹ್ಯಾರಿಯೆಟ್ ಶೆಟ್ಲರ್, ಬೆವರ್ಲಿ ಯಂಗ್ ಎಂಬ ಇಬ್ಬರು ಹೆಂಗಸರು ಮಧ್ಯಾಹ್ನದ ಊಟಕ್ಕೆ ಜೊತೆಯಾಗಿ ಕುಳಿತರು. ಇಬ್ಬರ ಗಂಡುಮಕ್ಕಳಿಗೂ ಈ ಕಾಯಿಲೆಯಿತ್ತು. ಒಬ್ಬರು ಹೇಳಲಾರಂಭಿಸಿದ ಮಾತನ್ನು ಇನ್ನೊಬ್ಬರು ಮುಗಿಸುವಂತಾಯಿತು. ಇಂಥವರು ಇನ್ನೂ ಇರಬೇಕಲ್ಲ ಎಂದು ಹುಡುಕಿ ಮೊದಲ ಸಭೆ ಕರೆದಾಗ ಬಂದವರು ಹದಿಮೂರು ಮಂದಿ. ಕೂಟಕ್ಕಿಟ್ಟ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಅಮಿ' ಎಂದಾಗುತ್ತಿತ್ತು. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಸ್ನೇಹಿತ ಎಂಬರ್ಥವಿರುವುದು ಶೆಟ್ಲರ್ ಅವರಿಗೆ ಬಲು ಮೆಚ್ಚಿಕೆಯಾಗಿತ್ತಂತೆ. ಎರಡೇ ವರ್ಷಗಳಲ್ಲಿ, 1979ರ ಸೆಪ್ಟೆಂಬರಿನಲ್ಲಿ, ದೇಶದ ಬೇರೆ ಬೇರೆ ಪ್ರಾಂತಗಳ ಇಂಥದೇ ಕೂಟಗಳವರು ಅದೇ ಮ್ಯಾಡಿಸನ್ನಿನಲ್ಲಿ ನೆರೆದು 'ನಾಮಿ' ಎಂಬ ರಾಷ್ಟ್ರೀಯ ಸಂಸ್ಥೆಯನ್ನು ಕಟ್ಟಿದರು.

ಎರಡು ದೇಶಗಳಲ್ಲಿಯೂ ಹೆಚ್ಚುಕಡಮೆ ಒಂದೇ ಕಾಲಕ್ಕೆ ಹೀಗಾದುದಕ್ಕೆ ಕಾರಣವಿತ್ತು. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜಿನ್ ಮೊದಲಾದ ಔಷಧಿಗಳು ಬಂದುವು. ಅಲ್ಲಿಯವರೆಗೆ ಆಯುಸ್ಸೆಲ್ಲ ಆಸ್ಪತ್ರೆಯಲ್ಲೇ ಕೊಳೆಯುತ್ತಿದ್ದವರು ಸ್ವಲ್ಪ ಚೇತರಿಸಿಕೊಂಡು ಮನೆಗೆ ಬರುವಂತಾದರು. 1955ರಲ್ಲಿ ಅಮೆರಿಕದ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಮಿಕ್ಕು ರೋಗಿಗಳಿದ್ದರು. ಮುಂದಿನ ಎರಡು ದಶಕಗಳಲ್ಲಿ ಆ ಸಂಖ್ಯೆ ಸರ್ರನೆ ಇಳಿಯಿತು. ಆಸ್ಪತ್ರೆಯ ಹೊರೆ ಇಳಿದುದು ಸರಿ. ಅದು ಇಳಿದುದೆಲ್ಲಿಗೆಂದು ಯಾರೂ ಕೇಳಲಿಲ್ಲ. ಅರುವತ್ತು ತುಂಬಿದ ತಾಯಂದಿರ ತಲೆಯ ಮೇಲೆ ಇಳಿದಿತ್ತು.

ಅದು ಸಾಲದೆಂಬಂತೆ ಆ ತಾಯಂದಿರ ಮೇಲೆ ಒಂದು ಅಪವಾದವೂ ಬಿದ್ದಿತ್ತು. 1948ರಲ್ಲಿ ಫ್ರೀಡಾ ಫ್ರೊಮ್-ರೈಖ್‌ಮನ್ ಎಂಬ ಹೆಸರಾಂತ ವೈದ್ಯೆ ತಮ್ಮ ಲೇಖನವೊಂದರಲ್ಲಿ ಸ್ಕಿಜೋಫ್ರೀನಿಯಾವನ್ನು ಉಂಟುಮಾಡುವ ತಾಯಿ ಎಂಬರ್ಥದ ಮಾತೊಂದನ್ನು ಬಳಸಿದರು. ತಾಯಿಯ ಪ್ರೀತಿ ಹದ ತಪ್ಪಿದುದೇ ಮಗುವಿನ ಬುದ್ಧಿ ಕೆಡಲು ಕಾರಣವೆಂಬ ಈ ವಾದ ಎರಡು ಮೂರು ದಶಕಗಳ ಕಾಲ ಪಾಠಶಾಲೆಗಳಲ್ಲಿ ಮೆರೆಯಿತು. ಇದಕ್ಕೆ ಆಧಾರವಿಲ್ಲವೆಂಬುದು ಈಗ ಎಲ್ಲರೂ ಒಪ್ಪಿದ ಮಾತು. ನಮ್ಮಲ್ಲಿಯಾದರೂ ತಾಯಿಯನ್ನು ದೂರಲು ಜರ್ಮನಿಯಲ್ಲಿ ಹುಟ್ಟಿದ ವೈದ್ಯೆ ಬೇಕಾಗಿರಲಿಲ್ಲ. ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದಳೆನ್ನಲು ಅತ್ತೆಯೊಬ್ಬರು ಸಾಕಾಗಿತ್ತು.

ಭಾರತದ ಕಥೆಯಲ್ಲಿ ಹೆಮ್ಮೆಪಡುವ ಒಂದು ಅಧ್ಯಾಯವಿದೆ. ಪಾಶ್ಚಾತ್ಯ ವೈದ್ಯರು ಕುಟುಂಬವನ್ನು ಅಪರಾಧಿಯೆಂದು ಕಾಣುತ್ತಿದ್ದ 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬ ಅಧೀಕ್ಷಕರು ಬೇರೆಯೇ ಹಾದಿ ಹಿಡಿದರು. ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಮನೆಯವರನ್ನು ಅವನೊಡನೆಯೇ ಇರಿಸಿಕೊಂಡರು. ತಾಯಿ ಅಲ್ಲಿಯೇ ರೊಟ್ಟಿ ತಟ್ಟಿ ಮಗನಿಗೆ ಉಣಬಡಿಸುವಳು. ವೈದ್ಯರು ಮನೆಯವರನ್ನೆಲ್ಲ ಕೂಡಿಸಿ ಕಾಯಿಲೆಯ ವಿಚಾರವನ್ನು ಅವರಿಗೆ ತಿಳಿಯುವ ದೃಷ್ಟಾಂತಗಳಿಂದ ವಿವರಿಸುವರು. ಒಂದು ಡೇರೆಯವರು ಮತ್ತೊಂದು ಡೇರೆಯವರನ್ನು ಕಂಡು ಧೈರ್ಯ ತಂದುಕೊಂಡರು. ಆ ಮಹಾನುಭಾವರು ತಮ್ಮ ಕೆಲಸದ ಬಗ್ಗೆ ಬರೆದದ್ದು ಬಹಳ ಕಡಮೆ. ನೋಡಿ ಬಂದ ಶಿಷ್ಯರ ಬಾಯಿಂದ ಅದು ಉಳಿಯಿತು. ಅದೇ ದಶಕದ ಉತ್ತರಾರ್ಧದಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ವಿಭಾಗದಲ್ಲಿಯೂ ರೋಗಿಯೊಡನೆ ಮನೆಯವರೊಬ್ಬರು ಇರುವ ಪದ್ಧತಿ ಬೆಳೆಯಿತು. ಬೆಂಗಳೂರಿನಲ್ಲಿ, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೆಂದು ಆರಂಭವಾಗಿ 1974ರಲ್ಲಿ ನಿಮ್ಹಾನ್ಸ್ ಆದ ಹೊಸೂರು ರಸ್ತೆಯ ಸಂಸ್ಥೆಯಲ್ಲಿ, 1970ರ ದಶಕದ ಹೊತ್ತಿಗೆ ಕುಟುಂಬದ ವಾರ್ಡೇ ಇತ್ತು.

ಡೇರೆಯಲ್ಲಿ ಆದ ಸ್ನೇಹ ಊರಿಗೆ ಹಿಂದಿರುಗಿದ ಮೇಲೆ ಮುಂದುವರಿಯುವುದು ಕಷ್ಟ. ವೈದ್ಯರು ಕರೆದಾಗ ಸೇರುವುದಕ್ಕೂ ತಾವಾಗಿಯೇ ಸೇರುವುದಕ್ಕೂ ಅಂತರವಿದೆ. ನಮ್ಮ ನಗರಗಳಲ್ಲಿ ಈ ಎರಡನೆಯ ಬಗೆಯ ಕೂಟಗಳು ಮೊಳೆತುದು 1980ರ ದಶಕದ ಕೊನೆಯಿಂದೀಚೆಗೆ. ಮದರಾಸಿನಲ್ಲಿ 1984ರಲ್ಲಿ ಸ್ಕಾರ್ಫ್ ಸಂಸ್ಥೆಯನ್ನು ಸ್ಥಾಪಿಸಿದ ಡಾ. ಶಾರದಾ ಮೆನನ್ ಅವರನ್ನು ಕನ್ನಡಿಗರು ನೆನೆಯಬೇಕು. ಅವರು ಹುಟ್ಟಿದುದು ಮಂಗಳೂರಿನಲ್ಲಿ. ಮನೋವೈದ್ಯಶಾಸ್ತ್ರ ಕಲಿತುದು ಬೆಂಗಳೂರಿನ ಆ ಸಂಸ್ಥೆಯಲ್ಲೇ. ಭಾರತದ ಮೊದಲ ಮಹಿಳಾ ಮನೋವೈದ್ಯೆಯೆಂದು ಹೆಸರಾಗಿ 2021ರಲ್ಲಿ ತೀರಿಕೊಂಡರು. ಅದೇ ಊರಿನಲ್ಲಿ 'ಆಶಾ' ಎಂಬ ಕುಟುಂಬಗಳ ಸಂಘ ಬೆಳೆಯಿತು. ಬೆಂಗಳೂರಿನಲ್ಲಿ ಸಮಾಜಶಾಸ್ತ್ರಜ್ಞೆ ಡಾ. ನಿರ್ಮಲಾ ಶ್ರೀನಿವಾಸನ್ 1990ರ ದಶಕದಲ್ಲಿ 'ಅಮೆಂಡ್' ಎಂಬ ಸಂಘವನ್ನು ಕಟ್ಟಿದರು. ಮನೆಯಲ್ಲಿ ರೋಗಿಯುಳ್ಳವರು ತಾವೇ ನಡೆಸಿಕೊಳ್ಳುವ ಸಂಘ. ಪುಣೆಯಲ್ಲಿ 1997ರಲ್ಲಿ ಇಂಥದೊಂದನ್ನು ಆರಂಭಿಸಿದವರು ಜಗನ್ನಾಥ ವಾಣಿ, ಕೆನಡಾದ ಕ್ಯಾಲ್ಗರಿಯಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು; ಅವರ ಪತ್ನಿಗೆ ಈ ಕಾಯಿಲೆಯಿತ್ತು. 2004ರಲ್ಲಿ ತೆರೆಗೆ ಬಂದ 'ದೇವರಾಯಿ' ಎಂಬ ಮರಾಠಿ ಚಲನಚಿತ್ರದ ಹಿಂದೆಯೂ ಅವರ ಪ್ರೇರಣೆಯಿದೆ.

ಚಲನಚಿತ್ರದ ಮಾತು ಬಂದುದರಿಂದ ಒಂದು ಸಂಗತಿ. ತ್ರಿವೇಣಿಯವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲರು ತೆರೆಗೆ ತಂದಾಗ ಕಣ್ಣೊರಸಿಕೊಳ್ಳದೆ ಥಿಯೇಟರಿನಿಂದ ಹೊರಬಂದವರಿಲ್ಲ. ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಬಂದಿದ್ದಳು. ಅವಳನ್ನು ಮತ್ತೆ ಅಲ್ಲಿಗೆ ಅಟ್ಟಿದುದು ಮನೆಯವರ, ನೆರೆಯವರ ನೋಟ, ಪಿಸುಮಾತು. ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರಿಗೆ ಈ ಸೂಕ್ಷ್ಮ ತಿಳಿದಿತ್ತು. ಅಷ್ಟು ಕಣ್ಣೀರು ಸುರಿಸಿದ ಅದೇ ಪ್ರೇಕ್ಷಕವರ್ಗ ಇತರ ನೂರಾರು ಚಿತ್ರಗಳಲ್ಲಿ ಹುಚ್ಚನ ಪಾತ್ರ ಬಂದೊಡನೆ ಗಹಗಹಿಸಿ ನಕ್ಕುದೂ ನಿಜ.

ತ್ರಿವೇಣಿಯವರು ಕಥೆಯಲ್ಲಿ ಕಂಡುದನ್ನು ಲಂಡನ್ನಿನ ಸಂಶೋಧಕರು ಅಂಕಿಅಂಶಗಳಲ್ಲಿ ಕಂಡರು. ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ 1950ರ ದಶಕದಿಂದಲೇ ಆಸ್ಪತ್ರೆ ಬಿಟ್ಟವರ ಬೆನ್ನುಹತ್ತಿ ನೋಡುತ್ತ ಹೋದರು. ಯಾವ ಮನೆಯಲ್ಲಿ ಸದಾ ಟೀಕೆ, ಸಿಡುಕು, ಇಲ್ಲವೆ ಉಸಿರು ಕಟ್ಟಿಸುವಷ್ಟು ಅತಿಯಾದ ಕಳವಳವಿತ್ತೋ, ಆ ಮನೆಗೆ ಹಿಂದಿರುಗಿದವರಲ್ಲಿ ಕಾಯಿಲೆ ಬೇಗ ಮರುಕಳಿಸಿತು. ಗಮನಿಸಬೇಕು, ಟೀಕೆ ಕಾಯಿಲೆಯನ್ನು ಹುಟ್ಟಿಸುವುದೆಂದು ಅವರು ಹೇಳಲಿಲ್ಲ. ಮರುಕಳಿಕೆಯ ಮಾತಷ್ಟೇ ಆಡಿದರು. ಮುಂದೆ ಚಂಡೀಗಢದಲ್ಲಿ ಡಾ. ವಿಗ್ ಮತ್ತು ಲಂಡನ್ನಿನ ಡಾ. ಜೂಲಿಯನ್ ಲೆಫ್ ಮೊದಲಾದವರು ಇದೇ ಅಳತೆಗೋಲನ್ನು ಹಿಡಿದು ನೋಡಿ 1987ರಲ್ಲಿ ಪ್ರಕಟಿಸಿದರು. ಲಂಡನ್ನಿನಲ್ಲಿ ಸುಮಾರು ಅರ್ಧದಷ್ಟು ಮನೆಯವರು ಈ ಸಿಡುಕಿನ ಗುಂಪಿಗೆ ಸೇರಿದ್ದರೆ, ಚಂಡೀಗಢದಲ್ಲಿ ಸೇರಿದವರು ನಾಲ್ಕರಲ್ಲಿ ಒಂದು ಪಾಲಿನಷ್ಟು. ಇದನ್ನು ಓದಿ ನಮ್ಮ ಸಂಸ್ಕೃತಿಯ ಹಿರಿಮೆಯನ್ನು ಸಾರಲು ಹೊರಡುವವರು ಆ ಇನ್ನೊಂದು ಕಾಲುಭಾಗವನ್ನು ಮರೆಯಬಾರದು.

ಇದೇ ಲೆಫ್ 1982ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಸಿಡುಕಿನ ಮನೆಗಳಿಗೆ ಸೇರಿದ 24 ರೋಗಿಗಳನ್ನು ಆರಿಸಿ ಎರಡು ಪಂಗಡ ಮಾಡಿದರು. ಎಲ್ಲರಿಗೂ ಔಷಧಿಯಿತ್ತು. ಒಂದು ಪಂಗಡದ ಮನೆಯವರಿಗೆ ಕಾಯಿಲೆಯ ಬಗ್ಗೆ ತಿಳಿವಳಿಕೆ ನೀಡಿ, ಮನೆಗೂ ಹೋಗಿ ಬಂದು, ಜೊತೆಗೆ ಅವರನ್ನೊಂದು ಕೂಟಕ್ಕೆ ಕರೆದರು. ಕೂಟದಲ್ಲಿ ಬೇರೆ ಬಗೆಯ ಮನೆಯವರೂ ಇದ್ದರು: ಅಂಥದೇ ರೋಗಿಯನ್ನು ಇಟ್ಟುಕೊಂಡು ಸಮಾಧಾನದಿಂದ ನಡೆದುಕೊಳ್ಳುತ್ತಿದ್ದವರು. ಪಾಠ ಹೇಳುವ ಕೆಲಸವನ್ನು ಬಹುಮಟ್ಟಿಗೆ ಇವರಿಗೇ ಬಿಟ್ಟರು. ಒಂಬತ್ತು ತಿಂಗಳ ಮೇಲೆ ನೋಡಿದರೆ, ಬರಿಯ ಔಷಧಿಯ ಪಂಗಡದಲ್ಲಿ ಶೇಕಡ 50ರಷ್ಟು ಮಂದಿಗೆ ಕಾಯಿಲೆ ಮರುಕಳಿಸಿತ್ತು; ಇನ್ನೊಂದರಲ್ಲಿ ಶೇಕಡ 9. ಪ್ರಯೋಗ ಚಿಕ್ಕದು. ಆದರೆ ಅನಂತರ ಬೇರೆ ಬೇರೆ ದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗಗಳೂ ಮನೆಯವರಿಗೆ ನೀಡುವ ನೆರವು ರೋಗಿಯನ್ನು ಕಾಯುತ್ತದೆಂಬ ಕಡೆಗೇ ಬೆರಳು ತೋರಿವೆ.

ಸಮಾಧಾನದ ಮನೆಯವರು ಸಿಡುಕಿನ ಮನೆಯವರಿಗೆ ಹೇಳಿಕೊಟ್ಟುದಾದರೂ ಏನು? ಅದನ್ನು ತಿಳಿಯಲು ಜಯನಗರದ ನಮ್ಮ ತಂದೆಯನ್ನು ಒಂದು ಶನಿವಾರ ಮಧ್ಯಾಹ್ನ ಹಿಂಬಾಲಿಸಬಹುದು. ಆಸ್ಪತ್ರೆಯ ಸಮಾಜಕಾರ್ಯಕರ್ತೆ ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟು ಮೂರು ತಿಂಗಳಾಗಿತ್ತು. ಚೀಟಿ ಅಂಗಿಯ ಜೇಬಿನಲ್ಲೇ ಒಗೆತಕ್ಕೆ ಹೋಗಿ ಬಂದಿತ್ತು. ಅಂತೂ ಹೋದರು. ಒಂದು ಶಾಲೆಯ ಕೊಠಡಿ, ಮಕ್ಕಳು ಕೂರುವ ಬೆಂಚುಗಳು, ಫ್ಲಾಸ್ಕಿನಲ್ಲಿ ಕಾಫಿ. ಹದಿನಾಲ್ಕು ಮಂದಿ. ಅವರಲ್ಲಿ ಗಂಡಸರು ನಾಲ್ವರು. (ಇದು ಎಲ್ಲೆಡೆಯೂ ಇರುವ ದೂರು, ಗಂಡಸರಿಗೆ ವೈದ್ಯರ ಫೀಸು ಕೊಟ್ಟರೆ ತಮ್ಮ ಪಾಲಿನ ಶುಶ್ರೂಷೆ ಮುಗಿಯಿತೆಂಬ ಭಾವನೆ.) ಬಾಗಿಲಲ್ಲಿ ಯಾರೂ ಹೆಸರು, ಕೆಲಸ, ಜಾತಿ ಕೇಳಲಿಲ್ಲ. ಒಳಗೆ ಆಡಿದ ಮಾತು ಒಳಗೇ ಉಳಿಯಬೇಕು, ಒಬ್ಬರು ಮಾತಾಡುವಾಗ ಇನ್ನೊಬ್ಬರು ತಡೆಯಬಾರದು, ಒಬ್ಬರ ಮನೆಯ ಮಾತ್ರೆಯನ್ನು ಇನ್ನೊಬ್ಬರ ಮನೆಗೆ ಶಿಫಾರಸು ಮಾಡಬಾರದು, ಇಷ್ಟು ಮಾತ್ರ ಕಟ್ಟಳೆ.

ಅವರು ಹಿಂದಿನ ಬೆಂಚಿನಲ್ಲಿ ಕುಳಿತರು. ಸುಮ್ಮನೆ ಕೇಳಿ ಹೋಗುವುದೆಂದು ಗೊತ್ತುಮಾಡಿಕೊಂಡಿದ್ದರು.

ಎಪ್ಪತ್ತು ದಾಟಿದ ಒಬ್ಬಾಕೆ ಮೊಸರನ್ನದ ವಿಷಯ ಎತ್ತಿದರು. "ನಾನೂ ಕಲೆಸಿ ಕೊಟ್ಟೆ ಕಣಮ್ಮಾ, ಎಂಟು ತಿಂಗಳು. ಒಂದು ದಿನ ಕಂಡುಹಿಡಿದುಬಿಟ್ಟ. ಅಮ್ಮ ಅನ್ನದಲ್ಲಿ ವಿಷ ಹಾಕ್ತಾಳೆ ಅಂತ ಮೊದಲೇ ಅವನಿಗೆ ಅನುಮಾನ. ನಾನೇ ಸಾಕ್ಷಿ ಒದಗಿಸಿಕೊಟ್ಟ ಹಾಗಾಯ್ತು. ಮೂರು ವರ್ಷ ನನ್ನ ಕೈಯಿಂದ ಒಂದು ಲೋಟ ನೀರೂ ಕುಡೀಲಿಲ್ಲ." ಆಮೇಲೆ ವೈದ್ಯರೊಡನೆ ಮಾತಾಡಿ, ಹಲವು ವಾರಗಳಿಗೊಮ್ಮೆ ಕೊಡುವ ಚುಚ್ಚುಮದ್ದಿಗೆ ಮಗನನ್ನೇ ಒಪ್ಪಿಸಿದರಂತೆ. ಇಂಥ ಚುಚ್ಚುಮದ್ದು ಉಂಟೆಂಬುದನ್ನೇ ಆ ಕೊಠಡಿಯ ಮೂವರು ಮೊದಲ ಬಾರಿಗೆ ಕೇಳಿದರು.

ಹನ್ನೊಂದು ಗಂಟೆಯವರೆಗೂ ಏಳದ ಮಗನನ್ನು ಸೋಮಾರಿಯೆಂದು ಬಯ್ದು ಬಯ್ದು ಗಂಟಲು ಕಟ್ಟಿತೆಂದರು ಒಬ್ಬರು ನಿವೃತ್ತ ಅಂಚೆ ನೌಕರರು. ಉತ್ಸಾಹ ಬತ್ತುವುದು ಈ ಕಾಯಿಲೆಯದೇ ಒಂದು ಲಕ್ಷಣ, ಮಾತ್ರೆಯ ಮಂಪರೂ ಅದಕ್ಕೆ ಸೇರುತ್ತದೆ ಎಂದು ಇನ್ನೊಬ್ಬರು ವಿವರಿಸಿದರು. ತಮ್ಮ ಮನೆಯಲ್ಲಿ ಎಂಟು ಗಂಟೆಗೆ ಕಾಫಿಯನ್ನು ಅವನ ಕೋಣೆಗೆ ಒಯ್ಯುವುದನ್ನು ನಿಲ್ಲಿಸಿ, ಹೂದಾನಿಗಳಿರುವ ತಾರಸಿಗೆ ಒಯ್ಯತೊಡಗಿದರಂತೆ; ಕಾಫಿಗಾಗಿ ಎದ್ದು ಬಂದವನು ಗಿಡಕ್ಕೆ ನೀರು ಹಾಕಲು ಆರು ತಿಂಗಳು ಹಿಡಿಯಿತು. ಗೋಡೆಯಾಚೆಯ ಮಾತಿನ ವಿಷಯಕ್ಕೆ ಒಬ್ಬ ಅಕ್ಕ ಹೇಳಿದುದು ಹೀಗೆ: ಕೇಳಿಸುವುದಿಲ್ಲವೆಂದು ವಾದಿಸಿದರೆ ತಮ್ಮ ರೇಗುತ್ತಾನೆ, ಕೇಳಿಸುವುದೆಂದರೆ ಭ್ರಮೆ ಬಲಿಯುತ್ತದೆ, "ನಂಗೆ ಕೇಳಿಸ್ತಾ ಇಲ್ಲ ಕಣೋ, ಆದ್ರೆ ನಿಂಗೆ ಎಷ್ಟು ಭಯ ಆಗಿರ್ಬೇಕು ಅಂತ ಗೊತ್ತಾಗತ್ತೆ" ಎನ್ನುವುದೊಂದೇ ದಾರಿ. ಈ ವಾಕ್ಯವನ್ನು ಹುಡುಕಲು ಅವರಿಗೆ ನಾಲ್ಕು ವರ್ಷ ಬೇಕಾಗಿತ್ತು.

ಇವುಗಳಲ್ಲಿ ಹಲವು ಪುಸ್ತಕಗಳಲ್ಲಿಯೂ ಇವೆ. ಪುಸ್ತಕದಲ್ಲಿ ಓದಿದಾಗ ಉಪದೇಶವೆನಿಸುವುದು ಅನ್ನ ಬಡಿಸಿ ಬಯ್ಯಿಸಿಕೊಂಡವರ ಬಾಯಲ್ಲಿ ಬೇರೆಯಾಗಿ ಕೇಳಿಸುತ್ತದೆ. ಹಾಗೆಂದು ಕೂಟಗಳೆಲ್ಲ ನಂದನವನಗಳಲ್ಲ. ಪ್ರತಿ ಕೂಟದಲ್ಲಿಯೂ ತನ್ನ ಕಥೆಯನ್ನೇ ಮುಕ್ಕಾಲು ಗಂಟೆ ಹೇಳುವವರೊಬ್ಬರಿರುತ್ತಾರೆ. ಮಾತ್ರೆ ಬಿಡಿಸಿ ಮೂಲಿಕೆ ಕೊಡಿಸುವೆನೆನ್ನುವವರು ನುಸುಳುತ್ತಾರೆ. ಮುನ್ನಡೆಸುತ್ತಿದ್ದ ತಾಯಿಗೆ ಮೊಣಕಾಲು ನೋವು ಬಂದ ವರ್ಷವೇ ಕೂಟ ಮುಚ್ಚಿದ ಉದಾಹರಣೆಗಳೂ ಕಡಮೆಯಲ್ಲ. ಅಲ್ಲದೆ, ಶನಿವಾರ ಮಧ್ಯಾಹ್ನ ಎರಡು ಬಸ್ಸು ಬದಲಾಯಿಸಿ ಬರಲು ಬಿಡುವಿರುವವರು ಯಾರು? ಗಾರ್ಮೆಂಟ್ ಕಾರ್ಖಾನೆಯ ಹೆಂಗಸಿಗೂ ಮಗನಿರುತ್ತಾನೆ. ಅವಳು ಅವನನ್ನು ಒಳಗೆ ಕೂಡಿ, ಹೊರಗೆ ಬೀಗ ಹಾಕಿ ಕೆಲಸಕ್ಕೆ ಹೋಗುತ್ತಾಳೆ. ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ 28 ಮಂದಿ ಸತ್ತುದು ಕಾಲಿಗೆ ಸರಪಳಿಯಿದ್ದ ಕಾರಣ ಓಡಲಾರದೆ. ಅವರನ್ನು ಅಲ್ಲಿ ಬಿಟ್ಟು ಹೋದ ಮನೆಯವರನ್ನು ಕಟುಕರೆಂದು ಅಂದು ಬಹಳ ಜನ ಬೈದರು. ಬೇರೆ ಯಾವ ಬಾಗಿಲು ಅವರಿಗೆ ತೆರೆದಿತ್ತೆಂದು ಕೇಳಿದವರು ಕೆಲವರೇ.

ಕಾನೂನು ಸ್ವಲ್ಪ ಮುಂದೆ ಬಂದಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ರಚಿಸಬೇಕಾದ ಪರಿಶೀಲನಾ ಮಂಡಲಿಗಳಲ್ಲಿ ರೋಗಿಗಳು, ಆರೈಕೆ ಮಾಡುವವರು, ಇಲ್ಲವೆ ಅವರ ಸಂಘಗಳವರಿಗೆ ಎರಡು ಸ್ಥಾನಗಳುಂಟು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರಿ ದೂರವಾಣಿ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಕರೆಮಾಡಬಹುದು. ರೋಗಿಯೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು. ಆದರೆ ಕೂಟಗಳಲ್ಲಿ ಮತ್ತೆ ಮತ್ತೆ ಮೇಲೇಳುವ ಒಂದು ಪ್ರಶ್ನೆಗೆ ಕಾಯಿದೆಯಲ್ಲಿ ನೇರ ಉತ್ತರವಿಲ್ಲ. ಅದನ್ನು ಸಾಮಾನ್ಯವಾಗಿ ಕೊನೆಗೆ, ಕಾಫಿ ಲೋಟ ಕೆಳಗಿಡುವಾಗ ಕೇಳುತ್ತಾರೆ: "ನಾವು ಹೋದ ಮೇಲೆ ಇವನನ್ನ ನೋಡ್ಕೊಳ್ಳೋರು ಯಾರು?" ತಂಗಿಗೆ ಅವಳ ಸಂಸಾರವಿದೆ. ತಮ್ಮ ಅಮೆರಿಕದಲ್ಲಿದ್ದಾನೆ. ಒಳ್ಳೆಯ ವಸತಿಗೃಹಗಳು ಬೆರಳೆಣಿಕೆಯಷ್ಟು. ಅವುಗಳ ತಿಂಗಳ ವೆಚ್ಚ ಪಿಂಚಣಿಯನ್ನು ಮೀರಿದ್ದು. ಕೆಲವು ಪೋಷಕರು ಕೂಡಿ, ಮನೆ ಹಿಡಿದು, ನಾಲ್ಕೈದು ಮಕ್ಕಳನ್ನು ಒಟ್ಟಿಗೆ ಇರಿಸುವ ಯೋಚನೆ ಮಾಡುತ್ತಾರೆ. ಯೋಚನೆ ಒಳ್ಳೆಯದೇ. ನೆರೆಯವರು ಒಪ್ಪುವ ಬೀದಿ ಸಿಗಬೇಕು.

ಆ ಶನಿವಾರವೂ ಪ್ರಶ್ನೆ ಅಲ್ಲಿಗೇ ಬಂದು ನಿಂತಿತು. ಜನ ಎದ್ದರು. ಎಪ್ಪತ್ತು ದಾಟಿದ ಆ ತಾಯಿ ಹಿಂದಿನ ಬೆಂಚಿನ ಬಳಿಗೆ ಬಂದು, "ಹೊಸಬರೇನಪ್ಪಾ? ಮಗನೋ, ಮಗಳೋ?" ಎಂದರು.

"ಮಗ" ಎಂದರು ತಂದೆ. ಅಷ್ಟೇ ಹೇಳಬೇಕೆಂದಿದ್ದರು. "ಮೂರನೇ ವರ್ಷದ ಎಂಜಿನಿಯರಿಂಗ್‌ನಲ್ಲಿದ್ದ..." ಎಂದು ಮಾತು ಮುಂದುವರಿಯಿತು. ಮೆಟ್ಟಿಲಿಳಿದು ಬಸ್‌ಸ್ಟಾಪಿನವರೆಗೂ ಮುಂದುವರಿಯಿತು. ಆಕೆಯ ಬಸ್ಸು ಒಂದು ಬಂದು ಹೋಯಿತು, ಎರಡು ಬಂದು ಹೋದುವು, ಆಕೆ ಹತ್ತಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಹೆಂಡತಿ ಏನೂ ಕೇಳದೆ ಕಾಫಿ ತಂದಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, "ಎಷ್ಟು ಜನ ಬಂದಿದ್ರು?" ಎಂದರು.

"ಹದಿನಾಲ್ಕು."

"ಹದಿನಾಲ್ಕು ಮನೆಯೇ?"

"ಹೂಂ. ಅದರಲ್ಲಿ ಒಬ್ಬರು ನಮ್ಮ ಹಿಂದಿನ ಕ್ರಾಸಿನವರೇ."

ಹೆಂಡತಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಮುಂದಿನ ಸಲ ನಾನೂ ಬರ್ತೀನಿ. ಆದ್ರೆ ಅವನ ಹತ್ರ ಯಾರಿರ್ತಾರೆ?"

ಮಹಡಿಯ ಮೆಟ್ಟಿಲಲ್ಲಿ ಸಪ್ಪಳವಾಯಿತು. ಮಗ ಇಳಿದು ಬಂದು ತಟ್ಟೆಯ ಮುಂದೆ ಕುಳಿತ. ತಾಯಿ ಬಡಿಸಲೆಂದು ಎದ್ದರು.